ಮುಖಪುಟಕ್ಕೆ ಯಾವ ಚಿತ್ರ?



ನಮ್ಮ ವಾರ್ತಾಪತ್ರದ ಮುಖಪುಟಕ್ಕೆಂದು ಈ ಸಲ ತಾವು ಕಳುಹಿಸಿದ ಛಾಯಾಚಿತ್ರಗಳನ್ನೆಲ್ಲ ನೋಡಿ ಮುಗಿಸಿದೆ. ದೇವರಾಯನದುರ್ಗದ ಸೂರ್ಯೋದಯ, ಅಡಿಕೆ ಸಾಲಿನ ನಡುವೆ ಇಳಿಯುವ ಬಿಸಿಲುಕೋಲು, ಮಲೆನಾಡಿನ ಸದಸ್ಯರಿಂದ ಕಾಫಿ ಹೂವು ಮತ್ತು ಮಂಜು. ಎಲ್ಲವೂ ಅಂದವೇ. ಆದರೆ ಕಳುಹಿಸಿದವರ ಹೆಸರು ಅದಲುಬದಲಾದರೆ ಯಾರಿಗೂ ಗೊತ್ತಾಗದು. ಕ್ಷೌರದಂಗಡಿಯ ಕ್ಯಾಲೆಂಡರಿನಲ್ಲಿ ಇಂಥವನ್ನೇ ನೋಡುತ್ತ ಬೆಳೆದವರು ನಾವು. ಕ್ಯಾಮೆರಾ ಕೈಗೆ ಬಂದೊಡನೆ ಅದನ್ನೇ ಹುಡುಕಿಕೊಂಡು ಹೊರಡುತ್ತೇವೆ.

ಇದನ್ನು ಹೇಳಲು ನನಗೆ ಅಧಿಕಾರ ಕಡಿಮೆ. 2016-17ರ ಬರದಲ್ಲಿ ಬೆಳ್ಳಾವಿ ಹೋಬಳಿಯ ಸದಸ್ಯರೊಬ್ಬರು ಒಂದು ಚಿತ್ರ ತಂದುಕೊಟ್ಟರು. ಅವರ ತಂದೆ ನೆಟ್ಟ ತೋಟ. ಕೊಳವೆ ಬಾವಿ ಬತ್ತಿ, ಸೋಗೆ ಕಳಚಿ, ಮರಗಳು ಬರೀ ಕಂಬಗಳಾಗಿ ನಿಂತಿದ್ದವು. ಮುಂದುಗಡೆ ಮೋಟಾರಿನ ಸ್ಟಾರ್ಟರ್ ಡಬ್ಬಿ, ಅದರ ಮೇಲೆ ತಂದೆಯ ಟವೆಲು. "ಅಪ್ಪ ದಿನಾ ಬಂದು ಸ್ವಿಚ್ಚು ಒತ್ತಿ ನೋಡ್ತಾರೆ, ಸಾರ್" ಎಂದರು. ಚಿತ್ರ ತುಸು ಓರೆಯಾಗಿತ್ತು. "ಮುಖಪುಟಕ್ಕೆ ಇದು ಶುಭವಲ್ಲ" ಎಂದು ಹಿಂದಿರುಗಿಸಿ, ಹಸಿರು ತೋಟವೊಂದನ್ನು ಅಚ್ಚು ಹಾಕಿಸಿದೆ. ಆ ಹಸಿರು ತೋಟ ಯಾರದೆಂದು ಈಗ ನೆನಪಿಲ್ಲ. ಟವೆಲು ಮರೆತಿಲ್ಲ.

ಅಮೆರಿಕದ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಎಂಬ ಛಾಯಾಗ್ರಾಹಕ 1922ರಲ್ಲಿ, ಲೇಕ್ ಜಾರ್ಜ್ ಎಂಬಲ್ಲಿನ ತನ್ನ ಮನೆತನದ ಜಾಗದಲ್ಲಿ ನಿಂತು ಕ್ಯಾಮೆರಾವನ್ನು ಆಕಾಶಕ್ಕೆ ತಿರುಗಿಸಿದ. ಸುಮಾರು ಹತ್ತು ವರ್ಷ ಮೋಡಗಳ ಚಿತ್ರ ತೆಗೆದ. ಹಲವದರಲ್ಲಿ ನೆಲವೂ ಇಲ್ಲ, ಮರವೂ ಇಲ್ಲ. ತನ್ನ ಮನಸ್ಸಿನ ಅನುಭವಕ್ಕೆ ಸಮಾನವಾದವು ಎಂಬರ್ಥದ ಹೆಸರನ್ನೇ ಅವಕ್ಕೆ ಇಟ್ಟ. ಮೋಡ ಎಲ್ಲರ ತಲೆಯ ಮೇಲೂ ಇರುವಂಥದು, ಅದಕ್ಕಾಗಿ ಪ್ರವಾಸ ಹೋಗಬೇಕಿಲ್ಲ. ಜೂನ್ ತಿಂಗಳಲ್ಲಿ ಮೋಡವನ್ನು ನಮ್ಮಷ್ಟು ನೋಡುವವರು ಇನ್ನಾರಿದ್ದಾರೆ! ಆದರೂ ಸುರಿಯದೆ ಹೋದ ಮೋಡವನ್ನು ನಮ್ಮವರೊಬ್ಬರೂ ತೆಗೆದು ಕಳುಹಿಸಿಲ್ಲ.

ದೂರದ ಮಾತೇಕೆ? ಮೂಡಿಗೆರೆಯಲ್ಲಿ ಕಾಫಿ ಬೆಳೆದ ಪೂರ್ಣಚಂದ್ರ ತೇಜಸ್ವಿ (1938-2007) ನಮ್ಮ ಕಸುಬಿನವರೇ. ಅಲ್ಲಿ ಬೆಟ್ಟಕ್ಕೂ ಮಂಜಿಗೂ ಕೊರತೆಯಿಲ್ಲ. ಅವರು ಮಾತ್ರ ತಮಗೆ ಕುತೂಹಲ ಹುಟ್ಟಿಸಿದ ಹಕ್ಕಿಗಳ ಬೆನ್ನು ಹತ್ತಿ ಕ್ಯಾಮೆರಾ ಹಿಡಿದು ಕಾದರು.

ಸೂರ್ಯೋದಯ ಬೇಡವೆಂದಲ್ಲ. ಹಾಗೆಯೇ ಕೈ ನಡುಗಿ ಮಸುಕಾದದ್ದನ್ನು "ಇದು ನನ್ನ ಮನಸ್ಸು" ಎಂದು ಕಳುಹಿಸಿದರೆ ಖಂಡಿತ ಹಿಂದಿರುಗಿಸುತ್ತೇನೆ! ಮುಂದಿನ ಸಂಚಿಕೆಗೆ ಪ್ರತಿಯೊಬ್ಬರೂ ತಮ್ಮ ತೋಟದ್ದೇ ಒಂದು ಚಿತ್ರ ಕಳುಹಿಸಿ. ಅಲ್ಲೇ ಏಕೆ ನಿಂತಿರೆಂದು ಎರಡು ಸಾಲು ಬರೆಯಿರಿ. ಸುಲಿಯುವ ಹೆಂಗಸರ ಬೆರಳಾದೀತು, ಮೂರನೆಯ ಸಲ ಕೊರೆಸಿದ ಬೋರಿನ ಮಣ್ಣಾದೀತು.

ಆ ಸದಸ್ಯರಲ್ಲಿ ಒಂದು ವಿನಂತಿ. ಆ ಪ್ರತಿ ಇನ್ನೂ ತಮ್ಮಲ್ಲಿದ್ದರೆ ದಯವಿಟ್ಟು ಕಚೇರಿಗೆ ಮತ್ತೊಮ್ಮೆ ತಂದುಕೊಡಬೇಕು.

— ಕಾರ್ಯದರ್ಶಿ