ಬಣ್ಣ ಕೊಳ್ಳುವವರು, ತೂಕ ಮಾರುವವರು

ಬ್ಯಾಡಗಿ ಮೆಣಸಿನಕಾಯಿಯನ್ನು ಯಾರೂ ಬರೀ ಖಾರಕ್ಕೆ ಅಂತ ಕೊಳ್ಳುವುದಿಲ್ಲ. ಖಾರ ಬೇಕಾದವರಿಗೆ ಗುಂಟೂರು ಕಾಯಿ ಇದೆ. ಬ್ಯಾಡಗಿಗೆ ಹೆಸರು ಬಂದದ್ದು ಬಣ್ಣದಿಂದ; 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಮಸಾಲೆ ಕಂಪನಿಗೆ ಬೇಕಾದದ್ದು ಈ ಬಣ್ಣ. ಓಲಿಯೋರೆಸಿನ್ ಕಾರ್ಖಾನೆ ಹಿಂಡಿ ತೆಗೆಯುವುದೂ ಇದನ್ನೇ. ಆದರೆ ರೈತ ಬಂಧುಗಳೇ, ಅವರು ಬಣ್ಣ ಕೊಳ್ಳುತ್ತಾರೆ, ನಾವು ತೂಕ ಮಾರುತ್ತೇವೆ. ನಮ್ಮ ಸಾಲದ ಒಂದು ಬೇರು ಇಲ್ಲೇ ಇದೆ.

ಗಿರಾಕಿಯ ಮನಸ್ಸನ್ನು ಅಳೆಯುವುದಕ್ಕೂ ಒಂದು ಲೆಕ್ಕವಿದೆ. ಅಮೆರಿಕದಲ್ಲಿ 1971ರಲ್ಲಿ ಪಾಲ್ ಗ್ರೀನ್ ಮತ್ತು ವಿಠಲ ರಾವ್ ಎಂಬ ವಿದ್ವಾಂಸರು ಅದನ್ನು ವ್ಯಾಪಾರದ ವಿದ್ಯೆಗೆ ತಂದರು. ಮೆಣಸಿನಪುಡಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳಿ. ಒಂದು ಪೊಟ್ಟಣದಲ್ಲಿ ಬಣ್ಣ ಹೆಚ್ಚು, ಬೆಲೆಯೂ ಹೆಚ್ಚು. ಇನ್ನೊಂದರಲ್ಲಿ ಖಾರ ಹೆಚ್ಚು, ಬೆಲೆ ಕಡಿಮೆ. ಇಂಥ ಹತ್ತಾರು ಬಗೆ ಮುಂದಿಟ್ಟು, ಯಾವುದು ಮೊದಲು, ಯಾವುದು ಆಮೇಲೆ ಅಂತ ಗಿರಾಕಿಯಿಂದಲೇ ಸಾಲು ಹಚ್ಚಿಸುತ್ತಾರೆ. ಬಣ್ಣಕ್ಕೆ ಎಷ್ಟು ಕಾಸು ಬಿಚ್ಚುತ್ತಾನೆ, ಖಾರಕ್ಕೆ ಎಷ್ಟು ಎಂಬುದು ಆ ಸಾಲಿನಿಂದಲೇ ಹೊರಬೀಳುತ್ತದೆ. ಮಾಲು ಅಂಗಡಿ ಸೇರುವ ಮೊದಲೇ ಎಷ್ಟು ಖಪ್ತಿಯಾದೀತು ಎಂಬ ಅಂದಾಜು ಕಂಪನಿಯ ಕೈಯಲ್ಲಿರುತ್ತದೆ.

ಮನಸ್ಸನ್ನೇ ಅಳೆಯುವವರು ಕಾಯಿಯನ್ನು ಬಿಟ್ಟಾರೆಯೇ? ಪುಡಿಯ ಬಣ್ಣವನ್ನು ದ್ರಾವಣದಲ್ಲಿ ಇಳಿಸಿ, ಬೆಳಕು ಹಾಯಿಸಿ, 'ಆಸ್ಟಾ' ಎಂಬ ಅಂಕಿಯಲ್ಲಿ ಹೇಳುತ್ತಾರೆ. ತೇವಾಂಶಕ್ಕೊಂದು ಅಂಕಿ, ಖಾರಕ್ಕೊಂದು ಅಂಕಿ. ಕಂಪನಿಗಳು ಒಂದರೊಡನೊಂದು ವ್ಯವಹರಿಸುವುದು ಈ ಅಂಕಿಗಳ ಮೇಲೆ. ರೈತನ ರಾಶಿಯ ಮುಂದೆ ಮಾತ್ರ ಮುಷ್ಟಿ ಕಾಯಿ ಎತ್ತಿ ನೋಡಿದರೆ ಮುಗಿಯಿತು! "ಬಣ್ಣ ಕಡಿಮೆ" ಅಂದರೆ ಎಷ್ಟು ಕಡಿಮೆ, ಅದಕ್ಕೆ ಎಷ್ಟು ರೂಪಾಯಿ ಕಡಿತ ಅಂತ ಕೇಳಲು ನಮ್ಮ ಕೈಯಲ್ಲಿ ಏನಿದೆ?

ಹಾಲನ್ನು ನೋಡಿ. ಡೇರಿ ಸಂಘದಲ್ಲಿ ಲೀಟರಿಗೆ ಮಾತ್ರ ಬೆಲೆಯಲ್ಲ, ಫ್ಯಾಟಿಗೆ ಬೆಲೆ, ಡಿಗ್ರಿಗೆ ಬೆಲೆ. ಒಂದೇ ಎಮ್ಮೆ ಕಟ್ಟಿದ ಹೆಣ್ಣುಮಗಳೂ ತನ್ನ ಅಂಕಿ ನೋಡಿ ಜಗಳ ಆಡಬಲ್ಲಳು. ಹಾಲಿಗೆ ಆಗುವುದು ಮೆಣಸಿನಕಾಯಿಗೆ ಯಾಕೆ ಆಗಬಾರದು?

ಅಂಕಿ ಕಡಿಮೆ ಬಂದವನ ಗತಿ ಏನು ಅಂತ ಕೆಲವರು ಕೇಳಬಹುದು. ಅವನಿಗೆ ಈಗಲೂ ಕಡಿಮೆ ದರವೇ ಸಿಗುತ್ತಿದೆ. ಈಗ ಮೋಸ ಹೋಗುತ್ತಿರುವವನು ಒಳ್ಳೆಯ ಕಾಯಿ ತಂದೂ ಅದನ್ನು ಸಾಬೀತು ಮಾಡಲಾಗದವನು. ಹಾಗಂತ ಅಂಕಿಯೊಂದೇ ನಮ್ಮನ್ನು ಉಳಿಸುವುದಿಲ್ಲ. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ಬ್ಯಾಡಗಿ ಪೇಟೆಯಲ್ಲಿ ರೈತರ ಸಿಟ್ಟು ಬೆಂಕಿಯಾಯಿತು, ವಾಹನಗಳು ಸುಟ್ಟವು. ಅಂಥ ಕುಸಿತ ತಡೆಯಲು ಖರ್ಚಿನ ಮೇಲೆ ಕಟ್ಟಿದ ಬೆಂಬಲ ಬೆಲೆಯೇ ಬೇಕು. ಆ ಹೋರಾಟ ಬಿಡುವಂತಿಲ್ಲ. ಆದರೆ ದರ ಏರಿದ ವರ್ಷವೂ ಬಣ್ಣದ ಲಾಭ ನಮ್ಮ ಮನೆಗೆ ಬರಬೇಕಾದರೆ ಅಂಕಿ ಬೇಕೇ ಬೇಕು.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು: ಪ್ರತಿ ಲಾಟಿನ ಬಣ್ಣ, ತೇವಾಂಶಗಳನ್ನು ಮಾರುಕಟ್ಟೆ ಸಮಿತಿಯ ಖರ್ಚಿನಲ್ಲಿ, ರೈತನ ಎದುರಿಗೇ ಪರೀಕ್ಷಿಸಿ, ಟೆಂಡರಿಗೆ ಮೊದಲು ಚೀಟಿಯಲ್ಲಿ ಬರೆಯಬೇಕು. ಯಾವ ಅಂಕಿಗೆ ಯಾವ ದರ ಬಿತ್ತೆಂದು ಸಂಜೆ ಹಲಗೆಯ ಮೇಲೆ ಹಾಕಬೇಕು. ಊರೂರಿನ ಘಟಕಗಳು ಮುಂದಿನ ಸುಗ್ಗಿಗೆ ಮೊದಲೇ ಈ ಠರಾವು ಪಾಸು ಮಾಡಿ ಸಮಿತಿಗೆ ಮುಟ್ಟಿಸಲಿ. ಕೊಳ್ಳುವವನಿಗೆ ಗೊತ್ತಿರುವ ಗುಣ ಬೆಳೆದವನಿಗೂ ಗೊತ್ತಿರಲಿ.