ಗೃಹಸ್ಥ ಇಲಿಯ ಗುಟ್ಟು

ಅಮೆರಿಕದ ಹುಲ್ಲುಗಾವಲಿನ ಪ್ರೇರಿ ವೋಲ್ ಇಲಿಜಾತಿಯ ಪುಟ್ಟ ಪ್ರಾಣಿ. ಒಮ್ಮೆ ಹೆಣ್ಣನ್ನು ಕೂಡಿದ ಗಂಡು ಸಾಮಾನ್ಯವಾಗಿ ಅದರೊಡನೆಯೇ ಸಂಸಾರ ಹೂಡುತ್ತದೆ. ಹತ್ತಿರ ಸುಳಿದ ಅಪರಿಚಿತರ ಮೇಲೆ ಎರಗುತ್ತದೆ. ಅದರ ದಾಯಾದಿ ಮೆಡೋ ವೋಲ್‌ಗೆ ಇಂಥ ಕಟ್ಟುಪಾಡಿಲ್ಲ. ಕಾರಣವೇನು? ವ್ಯಾಸೊಪ್ರೆಸಿನ್ ಹಾರ್ಮೋನು ಎರಡರಲ್ಲೂ ಉಂಟು. ಆದರೆ ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳು ಪ್ರೇರಿ ವೋಲ್‌ನ ಮುಮ್ಮಿದುಳಿನ ಒಂದು ಭಾಗದಲ್ಲಿ ಹೆಚ್ಚು ದಟ್ಟ. 2004ರಲ್ಲಿ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದ ಲ್ಯಾರಿ ಯಂಗ್ ತಂಡ ಆ ಗ್ರಾಹಕದ ವಂಶವಾಹಿಯನ್ನು ಗಂಡು ಮೆಡೋ ವೋಲ್‌ಗಳ ಅದೇ ಭಾಗಕ್ಕೆ ವೈರಸ್ ಮೂಲಕ ಸೇರಿಸಿತು. ಅವು ಜೊತೆಗಿದ್ದ ಹೆಣ್ಣಿಗೇ ಅಂಟಿ ಕೂರತೊಡಗಿದವು!

ಹಾಗಾದರೆ ನಿಷ್ಠೆಯೆಲ್ಲ ಒಂದು ವಂಶವಾಹಿಯ ಕೈಯಲ್ಲಿದೆಯೇ? ಇಲ್ಲ. ಜೋಡಿಬಂಧಕ್ಕೆ ಬೇಕೇಬೇಕೆಂದು ನಂಬಿದ್ದ ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನಿನ ಗ್ರಾಹಕದ ವಂಶವಾಹಿಯನ್ನು ಕೆಡಿಸಿದರೂ ಪ್ರೇರಿ ವೋಲ್‌ಗಳು ಜೋಡಿಯಾಗುತ್ತವೆಂದು 2023ರಲ್ಲಿ ಗೊತ್ತಾಯಿತು. ಮನುಷ್ಯರ ದಾಂಪತ್ಯಕ್ಕೆ ಇಲಿಯ ಲೆಕ್ಕ ಹಚ್ಚುವ ಮುನ್ನ ಇದು ನೆನಪಿರಲಿ.