ಬಾನೆಟ್ ಕೆಳಗೆ: ಎಂಜಿನ್ನಿಗೆ ಸುಳ್ಳು ಲೆಕ್ಕ ಕೊಡಬೇಡಿ

ದೋಹಾದ ಸೆಕೆ ಇಳಿದು ನವೆಂಬರ್ ಬಂತೆಂದರೆ ನಮ್ಮವರ ಗಾಡಿಗಳೆಲ್ಲ ಶುಕ್ರವಾರ ಸೀಲೈನ್ ಕಡೆ ಮುಖ ಮಾಡುತ್ತವೆ. ಹಾಗೆ ಹೋಗಿ ಟೋಯಿಂಗ್ ಗಾಡಿಯಲ್ಲಿ ವಾಪಸ್ಸಾದ ನಮ್ಮ ಮಿತ್ರರೊಬ್ಬರ ಕಥೆ ಈ ಸಲದ ವಿಷಯ.

ಉಡುಪಿ ಕಡೆಯವರು. ಹಳೆಯ ಫೋರ್ ವೀಲ್ ಡ್ರೈವ್ ಒಂದನ್ನು ಕೊಂಡಿದ್ದರು. ಹಿಂದಿನ ಮಾಲೀಕ ಅದಕ್ಕೆ ಅಗಲವಾದ ಗಾಳಿ ಪೈಪು, ಎಣ್ಣೆ ಹಚ್ಚಿದ ಕೋನ್ ಫಿಲ್ಟರ್ ಹಾಕಿಸಿದ್ದ. ಊರೊಳಗೆ ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಮರಳ ದಿಬ್ಬದಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂತೆ ಸದ್ದು. ಮೂರನೆಯ ದಿಬ್ಬಕ್ಕೆ ಎಂಜಿನ್ ನಿಂತೇ ಹೋಯಿತು. ಬಿಚ್ಚಿ ನೋಡಿದರೆ ಒಂದು ಪಿಸ್ಟನ್ನಿನ ಅಂಚು ಕರಗಿತ್ತು. ಬೇಸಿಗೆ ರಜೆಗೆ ಮನೆಮಂದಿ ಊರಿಗೆ ಹೋಗಲೆಂದು ಕೂಡಿಟ್ಟ ಟಿಕೆಟ್ ದುಡ್ಡು ಗ್ಯಾರೇಜಿಗೆ ಹೋಯಿತು.

"ಎಂಥದು ಮಾರಾಯ್ರೆ, ಗಾಳಿ ಜಾಸ್ತಿ ಹೋದರೆ ಎಂಜಿನ್ನಿಗೆ ಒಳ್ಳೆಯದೇ ಅಲ್ವಾ?" ಎಂದು ಕೇಳಿದರು.

ಒಳ್ಳೆಯದೇ. ಆದರೆ ಎಷ್ಟು ಗಾಳಿ ಹೋಯಿತೆಂಬ ಲೆಕ್ಕ ಸರಿ ಇರಬೇಕು. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಅಂದರೆ ಒಂದು ಲೀಟರ್ ಪೆಟ್ರೋಲಿಗೆ ಹೆಚ್ಚುಕಡಿಮೆ 9,000 ಲೀಟರ್ ಗಾಳಿ! ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಈ ಹದವನ್ನು ಕಾರ್ಬ್ಯುರೇಟರ್ ನೋಡಿಕೊಳ್ಳುತ್ತಿತ್ತು. ಈಗಿನ ಬಹಳಷ್ಟು ಗಾಡಿಗಳಲ್ಲಿ ಫಿಲ್ಟರ್ ದಾಟಿದ ಮೇಲೆ ಏರ್‌ಫ್ಲೋ ಸೆನ್ಸರ್ ಕೂತಿರುತ್ತದೆ. ಅದರೊಳಗೆ ಕೂದಲಿನಂಥ ಬಿಸಿ ತಂತಿ. ಗಾಳಿ ಅದನ್ನು ತಣಿಸುತ್ತದೆ. ಮತ್ತೆ ಬಿಸಿ ಮಾಡಲು ಬೇಕಾದ ಕರೆಂಟಿನಿಂದ ಗಾಳಿಯ ತೂಕ ತಿಳಿಯುತ್ತದೆ. 15 ಡಿಗ್ರಿಯ ಗಾಳಿ 45 ಡಿಗ್ರಿಯ ಗಾಳಿಗಿಂತ ಸುಮಾರು ಶೇ. 10ರಷ್ಟು ಭಾರ. ಆ ವ್ಯತ್ಯಾಸವನ್ನೂ ಈ ತಂತಿ ತಾನೇ ಹಿಡಿದುಕೊಡುತ್ತದೆ.

ಆದರೆ ತಂತಿ ಇಡೀ ಪೈಪಿನ ಗಾಳಿಯನ್ನು ನೋಡುವುದಿಲ್ಲ. ನಮ್ಮ ಮದುವೆ ಮನೆಗಳಲ್ಲಿ ಒಬ್ಬರು ಒಂದು ಪಂಕ್ತಿಯ ಎಲೆ ಎಣಿಸಿ, "ಇಂಥ ನಾಲ್ಕು ಪಂಕ್ತಿ, ಇಷ್ಟು ಅಕ್ಕಿ ಹಾಕಿ" ಎಂದು ಅಡುಗೆ ಭಟ್ಟರಿಗೆ ಹೇಳುತ್ತಾರಲ್ಲ, ಹಾಗೆ. ಇವರಿಗೆ ತಿಳಿಸದೆ ಯಾರೋ ಐದನೆಯ ಪಂಕ್ತಿ ಹಾಕಿದರೆ? ಜನ ಎಲ್ಲ ಪಂಕ್ತಿಗೂ ಹಂಚಿಹೋಗುತ್ತಾರೆ, ಇವರ ಪಂಕ್ತಿಯಲ್ಲಿ ಎಲೆ ಕಡಿಮೆ ಕಾಣುತ್ತದೆ, ಅಕ್ಕಿಯೂ ಕಡಿಮೆ ಬೀಳುತ್ತದೆ.

ಸೆನ್ಸರ್ ಕೂರುವ ಪೈಪನ್ನು 70 ಮಿಲಿಮೀಟರಿನಿಂದ 80ಕ್ಕೆ ಅಗಲ ಮಾಡಿದರೆ ಒಳಗಿನ ಜಾಗ ಶೇ. 30ರಷ್ಟು ಹೆಚ್ಚುತ್ತದೆ. ಅಷ್ಟೇ ಗಾಳಿ ಹೋದರೂ ಸೆನ್ಸರ್ ಸುಮಾರು ಶೇ. 23 ಕಡಿಮೆ ಹೇಳುತ್ತದೆ, ಕಂಪ್ಯೂಟರ್ ಅಷ್ಟು ಕಡಿಮೆ ಪೆಟ್ರೋಲ್ ಬಿಡುತ್ತದೆ. ನಿಧಾನವಾಗಿ ಓಡಿಸುವಾಗ ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರ್ ತಪ್ಪನ್ನು ಕಂಡು ತಿದ್ದುತ್ತದೆ. ಪೂರ್ತಿ ಒತ್ತಿದಾಗ ಅನೇಕ ಗಾಡಿಗಳಲ್ಲಿ ಆ ತಿದ್ದುಪಡಿ ನಡೆಯುವುದಿಲ್ಲ. ಊರೊಳಗೆ ಸುಮ್ಮನಿದ್ದ ರೋಗ ದಿಬ್ಬದಲ್ಲಿ ಎದ್ದದ್ದು ಅದಕ್ಕೇ.

"ಹಾಗಾದರೆ ದೊಡ್ಡ ಇಂಜೆಕ್ಟರ್ ಹಾಕಿದರೆ ಸರಿಹೋಗ್ತದಲ್ಲ?" ಎಂದರು. ಹಾಗೆ ಮಾಡುವವರೂ ಇದ್ದಾರೆ. ಪೆಟ್ರೋಲಿನ ಲೆಕ್ಕ ಕೂಡಿಬರಬಹುದು. ಆದರೆ ಕಿಡಿ ಯಾವಾಗ ಹಾರಿಸಬೇಕೆಂಬುದನ್ನೂ ಕಂಪ್ಯೂಟರ್ ಅದೇ ಗಾಳಿಯ ಲೆಕ್ಕದಿಂದ ತೀರ್ಮಾನಿಸುತ್ತದೆ. ಗಾಳಿ ಕಡಿಮೆ ಎಂದು ಕೇಳಿದರೆ, ಎಂಜಿನ್ನಿಗೆ ಭಾರವಿಲ್ಲವೆಂದು ತಿಳಿದು ಕಿಡಿಯನ್ನು ಬೇಗ ಹಾರಿಸುತ್ತದೆ. ಇಲ್ಲಿಯ ಬಿಸಿಲಿಗೆ, 91 ಆಕ್ಟೇನಿನ ಪೆಟ್ರೋಲಿಗೆ, ಅದೇ ಕಲ್ಲಿನ ಸದ್ದು ಮತ್ತೆ ಶುರು.

ಪೈಪು ಬದಲಿಸಲೇಬಾರದೆಂದಲ್ಲ. ನಿಸ್ಸಾನ್ ಪಟ್ರೋಲಿನ 4.8 ಲೀಟರ್ ಎಂಜಿನ್ನಿನಿಂದ ಗಲ್ಫ್‌ನ ಟ್ಯೂನರುಗಳು ಅಚ್ಚರಿಯಾಗುವಷ್ಟು ಶಕ್ತಿ ತೆಗೆಯುತ್ತಾರೆ. ಬಲ್ಲವರು ಕಂಪ್ಯೂಟರಿನಲ್ಲಿರುವ ಸೆನ್ಸರಿನ ಕೋಷ್ಟಕವನ್ನೇ ಹೊಸ ಪೈಪಿಗೆ ತಕ್ಕಂತೆ ತಿದ್ದಿ, ಡೈನೋ ಮೇಲೆ ಓಡಿಸಿ, ಹೊಗೆಯ ಅಳತೆ ನೋಡಿಯೇ ಗಾಡಿ ಕೊಡುತ್ತಾರೆ. ಪೈಪಿಗೆ ಖರ್ಚು ಮಾಡಿ ಈ ಕೆಲಸ ಬಿಟ್ಟರೆ ಅರ್ಧ ರಿಪೇರಿ ಮಾಡಿಸಿದ ಹಾಗೆ. ಇನ್ನು 'ಪವರ್ ಚಿಪ್' ಎಂದು ಅಗ್ಗಕ್ಕೆ ಮಾರುವ ಕೆಲವದರೊಳಗೆ ಇರುವುದು ಬರೀ ಒಂದು ರೆಸಿಸ್ಟರ್. ಗಾಳಿ ತಣ್ಣಗಿದೆ ಎಂದು ಕಂಪ್ಯೂಟರಿಗೆ ಸುಳ್ಳು ಹೇಳುವುದೇ ಅದರ ಕೆಲಸ.

ಮನೆಯಲ್ಲಿ ನೆನಪಿಡಬೇಕಾದದ್ದು ಸ್ವಲ್ಪವೇ. ಶಮಾಲ್ ಗಾಳಿ ಬೀಸಿ ಹೋದ ಮೇಲೆ ಫಿಲ್ಟರ್ ತೆಗೆದು ನೋಡಿ. ತೊಳೆದು ಎಣ್ಣೆ ಹಚ್ಚುವ ಫಿಲ್ಟರಾದರೆ ಎಣ್ಣೆ ಮಿತವಾಗಿರಲಿ. ಹೆಚ್ಚಾದದ್ದು ತಂತಿಗೆ ಅಂಟಿ, ಮೇಲೆ ಧೂಳು ಕೂತು ಲೆಕ್ಕ ತಪ್ಪುತ್ತದೆ. ಸೆನ್ಸರಿಗೆ ಕಂಪ್ರೆಸರ್ ಗಾಳಿ ಹೊಡೆಯಲು ಬಿಡಬೇಡಿ, ಬಟ್ಟೆಯಿಂದ ಒರೆಸಬೇಡಿ. ಅದಕ್ಕೆಂದೇ ಸ್ಪ್ರೇ ಸಿಗುತ್ತದೆ. ಹಳೆಯ ಗಾಡಿ ಕೊಳ್ಳುವಾಗ ಸ್ಕ್ಯಾನರ್ ಹಾಕಿಸಿ 'ಫ್ಯುಯೆಲ್ ಟ್ರಿಮ್' ಕೇಳಿ. ಅದು ಶೇ. 10 ದಾಟಿದ್ದರೆ ಕಾರಣ ತಿಳಿಯುವ ತನಕ ದುಡ್ಡು ಕೊಡಬೇಡಿ.

ನಮ್ಮ ಮಿತ್ರರ ಗಾಡಿಗೆ ಈಗ ಕಂಪನಿಯ ಹಳೆಯ ಪೈಪೇ ವಾಪಸ್ ಬಂದಿದೆ. ಮೊನ್ನೆ ಸಿಕ್ಕಾಗ, "ಎಣಿಸುವವರನ್ನು ಬದಲಿಸಿದರೆ ಭಟ್ಟರಿಗೂ ಒಂದು ಮಾತು ಹೇಳಬೇಕಿತ್ತು ಮಾರಾಯ್ರೆ" ಎಂದು ನಕ್ಕರು. ನಗುವಿನ ಹಿಂದೆ ನಾಲ್ಕು ಟಿಕೆಟ್ಟಿನ ನೋವಿತ್ತು.